ಯಾರ ದೇಹದ ನಕ್ಷೆ? — ಮಿದುಳು ಮತ್ತು ಚರ್ಮಗಳ ಅಳತೆಯ ಚರಿತ್ರೆಯಲ್ಲಿ ಒಂದು ವಿಚಾರ

೧

ಭೂಮಿಯ ನಕ್ಷೆಯನ್ನು ಬರೆಯಹೊರಟವನು ಮೊದಲು ನೆಲದ ಮೇಲೆ ಒಂದು ಆಧಾರರೇಖೆಯನ್ನು ಗೊತ್ತುಮಾಡಿಕೊಳ್ಳುತ್ತಾನೆ. ಆ ಒಂದು ರೇಖೆಯ ಉದ್ದವನ್ನು ಸರಪಳಿ ಹಿಡಿದು ಎಚ್ಚರಿಕೆಯಿಂದ ಅಳೆದಮೇಲೆ ಮಿಕ್ಕ ದೂರಗಳೆಲ್ಲ ಅದರಿಂದಲೇ ಲೆಕ್ಕಕ್ಕೆ ಬರುತ್ತವೆ. ಆದಕಾರಣ ಆಧಾರರೇಖೆಯಲ್ಲಿ ನುಸುಳಿದ ತಪ್ಪು ನಾಡಿನ ಎಲ್ಲೆಯವರೆಗೂ ಹರಿದುಹೋಗುತ್ತದೆ. ದೂರ ಬೆಳೆದಂತೆ ತಾನೂ ಬೆಳೆಯುತ್ತದೆ. ಮನುಷ್ಯದೇಹದ ನಕ್ಷೆಗಳಿಗೂ ಇಂಥ ಆಧಾರರೇಖೆಗಳುಂಟು. ಅವು ನೆಲದ ಮೇಲೆ ಎಳೆದವಲ್ಲ. ಯಾರೋ ಕೆಲವರು ಸ್ತ್ರೀಪುರುಷರ ದೇಹಗಳ ಮೇಲೆ ಎಳೆದವು. ಆ ಸ್ತ್ರೀಪುರುಷರು ಯಾರು, ಅವರು ಹೇಗೆ ದೊರಕಿದರು, ಅವರ ದೇಹದಿಂದ ತೆಗೆದ ಅಳತೆ ಮಿಕ್ಕವರಿಗೆ ಎಷ್ಟರಮಟ್ಟಿಗೆ ಅನ್ವಯಿಸುತ್ತದೆ ಎಂಬ ಪ್ರಶ್ನೆಗಳನ್ನು ವೈದ್ಯವಿಜ್ಞಾನದಲ್ಲಿ ಕೇಳಿದವರು ಬಹುಕಾಲ ವಿರಳರಾಗಿದ್ದರು. ಪ್ರಕೃತ ಲೇಖನದಲ್ಲಿ ಈ ಪ್ರಶ್ನೆಗಳನ್ನು ಎರಡು ಅಂಗಗಳ ವಿಷಯದಲ್ಲಿ ವಿಚಾರಮಾಡಲಾಗಿದೆ: ಒಂದು ಮಿದುಳು, ಇನ್ನೊಂದು ಚರ್ಮ.

ಮೇಲುನೋಟಕ್ಕೆ ಈ ಎರಡನ್ನು ಜೊತೆಗೂಡಿಸುವುದು ವಿಚಿತ್ರವೆಂದು ತೋರಬಹುದು. ಒಂದು ಬುರುಡೆಯೊಳಗೆ ಅಡಗಿದ್ದು ಕಣ್ಣಿಗೆ ಬೀಳದು. ಮತ್ತೊಂದು ಹೊರಗೇ ಇದ್ದು ವಯಸ್ಸನ್ನೂ ಬಿಸಿಲನ್ನೂ ಎಲ್ಲರ ಮುಂದೆ ತೋರಿಸಿಕೊಳ್ಳುತ್ತದೆ. ಆದರೆ ಇವು ಹುಟ್ಟಿನಿಂದ ಬಂಧುಗಳು. ಭ್ರೂಣದ ಮೂರು ಪದರಗಳಲ್ಲಿ ಹೊರಗಿನ ಪದರವೊಂದರಿಂದಲೇ ಮಿದುಳೂ ಹೊರಚರ್ಮವೂ ಬೆಳೆದುಬರುತ್ತವೆ. ಬೆಳೆದ ಮೇಲೂ ಅವುಗಳ ಸಂಬಂಧ ಕಡಿಯುವುದಿಲ್ಲ. ಚರ್ಮದ ಒಂದೊಂದು ಭಾಗಕ್ಕೂ ಮಿದುಳಿನ ಹೊರಪದರದಲ್ಲಿ ಗೊತ್ತಾದ ಸ್ಥಾನವಿದೆ. ಇತ್ತೀಚಿನ ವರ್ಷಗಳಲ್ಲಿಯಂತೂ ಚರ್ಮದ ಜೀವಕೋಶವನ್ನೇ ನರಕೋಶವಾಗಿ ಮಾರ್ಪಡಿಸುವ ವಿದ್ಯೆ ಸಿದ್ಧಿಸಿದೆ. ಎಲ್ಲಕ್ಕಿಂತ ಮಿಗಿಲಾಗಿ, ಈ ಎರಡು ಅಂಗಗಳ ಅಧ್ಯಯನವೂ ಒಂದೇ ಬಗೆಯ ತರ್ಕದ ತೊಡಕಿಗೆ ಸಿಕ್ಕಿಕೊಂಡಿದೆ.

ಆ ತೊಡಕನ್ನು ಬಿಡಿಸಲು ಎರಡು ಬಗೆಯ ನಕ್ಷೆಗಳನ್ನು ಬೇರ್ಪಡಿಸಿಕೊಳ್ಳುವುದು ಅವಶ್ಯಕ. ‘ಇಂಥ ಅಂಗದಲ್ಲಿ ಏನೇನಿದೆ, ಯಾವುದು ಯಾವುದಕ್ಕೆ ಅಂಟಿಕೊಂಡಿದೆ’ ಎಂದು ತಿಳಿಸುವುದು ರಚನೆಯ ನಕ್ಷೆ. ‘ಎಷ್ಟಿದ್ದರೆ ಸಹಜ, ಎಷ್ಟಾದರೆ ಮುಪ್ಪು, ಎಲ್ಲಿಂದ ರೋಗ’ ಎಂದು ತಿಳಿಸುವುದು ಮಾನದಂಡದ ನಕ್ಷೆ. ಮೊದಲನೆಯದಕ್ಕೆ ಕೆಲವೊಮ್ಮೆ ಒಂದೇ ದೇಹ ಸಾಕಾದೀತು. ಎರಡನೆಯದಕ್ಕೆ ಎಷ್ಟೊಂದು ಬಗೆಯ ದೇಹಗಳನ್ನು ಕಂಡರೂ ಸಾಲದು. ಮೊದಲನೆಯದನ್ನು ತಯಾರಿಸಿ ಎರಡನೆಯದೆಂದು ಬಳಸಿದಾಗಲೆಲ್ಲ ಅನರ್ಥವಾಗಿದೆ. ಚರಿತ್ರೆಯ ಸಾಕ್ಷ್ಯವು ಈ ಮಾತನ್ನು ಎಷ್ಟರಮಟ್ಟಿಗೆ ಬೆಂಬಲಿಸುತ್ತದೆಂಬುದನ್ನು ಮುಂದೆ ನೋಡೋಣ.

೨

ಮಿದುಳಿನ ಬೇರೆ ಬೇರೆ ಭಾಗಗಳಿಗೆ ಬೇರೆ ಬೇರೆ ಕೆಲಸಗಳುಂಟೆಂಬ ಭಾವನೆಯನ್ನು ವಾದದ ರೂಪದಲ್ಲಿ ಮುಂದಿಟ್ಟವನು ವಿಯೆನ್ನಾ ನಗರದ ವೈದ್ಯ ಫ್ರಾನ್ಸ್ ಯೋಸೆಫ್ ಗಾಲ್ (೧೭೫೮–೧೮೨೮). ಮನಸ್ಸಿನ ಶಕ್ತಿಗಳು ಇಪ್ಪತ್ತೇಳು, ಒಂದೊಂದಕ್ಕೂ ಮಿದುಳಿನಲ್ಲಿ ಒಂದು ನೆಲೆಯುಂಟು, ಪ್ರಬಲವಾದ ಶಕ್ತಿಯ ನೆಲೆ ಉಬ್ಬಿ ಬುರುಡೆಯನ್ನೂ ಉಬ್ಬಿಸುತ್ತದೆ ಎಂದು ಆತನು ಉಪದೇಶಿಸಿದನು. ಮೂಲಭಾವನೆಯಲ್ಲಿ ಸತ್ಯಾಂಶವಿತ್ತು; ಅದನ್ನು ಸಾಧಿಸಹೋದ ಮಾರ್ಗ ಮಾತ್ರ ಪೊಳ್ಳು. ಆದರೂ ಆತನ ಶಿಷ್ಯರ ‘ಫ್ರೆನಾಲಜಿ’ ಯುರೋಪಿನಲ್ಲೆಲ್ಲ ಹಬ್ಬಿತು. ೧೮೨೫ರಲ್ಲಿ ಕಲ್ಕತ್ತದಲ್ಲಿಯೂ ಇದಕ್ಕಾಗಿ ಒಂದು ಸಂಘ ಸ್ಥಾಪಿತವಾಯಿತು. ೧೮೩೦ರ ದಶಕದಲ್ಲಿ, ಮಧ್ಯಭಾರತದ ಸಾಗರ ಪಟ್ಟಣದಲ್ಲಿ ಗಲ್ಲಿಗೇರಿಸಲ್ಪಟ್ಟ ಏಳು ಮಂದಿ ಥಗ್ಗರ ತಲೆಬುರುಡೆಗಳನ್ನು ಎಡಿನ್‌ಬರೋ ನಗರದ ಫ್ರೆನಾಲಜಿ ಸಂಘಕ್ಕೆ ಕಳುಹಿಸಿಕೊಡಲಾಯಿತು. ಅಲ್ಲಿನವರಿಗೆ ಆ ಏಳು ಬುರುಡೆಗಳಲ್ಲಿ ಒಂದು ಜನವರ್ಗದ ಸ್ವಭಾವವನ್ನೇ ಓದಬಹುದೆಂಬ ನಂಬಿಕೆಯಿತ್ತು. ನಮ್ಮ ದೇಶದ ದೇಹಗಳು ಮಿದುಳಿನ ನಕ್ಷೆಯ ಚರಿತ್ರೆಯನ್ನು ಪ್ರವೇಶಿಸಿದ್ದು ಹೀಗೆ, ನೇಣುಗಂಬದ ಮೂಲಕ, ಎಂಬುದನ್ನು ಮರೆಯಬಾರದು.

ನೆಲೆಯನ್ನು ನಿಜವಾದ ಸಾಕ್ಷ್ಯದಿಂದ ತೋರಿಸಿಕೊಟ್ಟವನು ಪ್ಯಾರಿಸ್ಸಿನ ಪಾಲ್ ಬ್ರೋಕಾ. ೧೮೬೧ರ ಏಪ್ರಿಲ್‌ನಲ್ಲಿ ಬಿಸೆತ್ರ್ ಆಸ್ಪತ್ರೆಯಲ್ಲಿ ಒಬ್ಬ ರೋಗಿ ತೀರಿಕೊಂಡನು. ಇಪ್ಪತ್ತೊಂದು ವರ್ಷಗಳಿಂದ ಅವನ ಬಾಯಿಂದ ‘ತಾನ್’ ಎಂಬ ಧ್ವನಿಯೊಂದಲ್ಲದೆ ಮಾತು ಹೊರಟಿರಲಿಲ್ಲ. ಬ್ರೋಕಾ ಅವನ ಮಿದುಳನ್ನು ಪರೀಕ್ಷಿಸಿ ಎಡ ಮುಂಭಾಗದಲ್ಲಿ ಗಾಯವನ್ನು ಕಂಡು, ಮಾತಿನ ನೆಲೆ ಅಲ್ಲಿದೆಯೆಂದು ಸಾರಿದನು. ಗ್ರಂಥಗಳಲ್ಲಿ ಆ ರೋಗಿ ಒಂದೂವರೆ ಶತಮಾನ ಬಹುಮಟ್ಟಿಗೆ ‘ತಾನ್’ ಎಂದೇ ಉಳಿದನು. ಅವನ ಪೂರ್ಣ ಹೆಸರು ಲೂಯಿ ವಿಕ್ತರ್ ಲೆಬೋರ್ನ್ಯ್, ಕಸುಬು ಚಮ್ಮಾರರಿಗೆ ಬೇಕಾದ ಮರದ ಅಚ್ಚುಗಳನ್ನು ಮಾಡುವುದು ಎಂಬ ವಿವರ ೨೦೧೩ರಲ್ಲಿ ಪೋಲೆಂಡಿನ ಇತಿಹಾಸಕಾರನೊಬ್ಬನ ಶೋಧನೆಯಿಂದ ಹೊರಬಿತ್ತು. ಇದಕ್ಕೆ ಮೊದಲೇ, ೨೦೦೭ರಲ್ಲಿ, ಪ್ಯಾರಿಸ್ಸಿನಲ್ಲಿ ಕಾಪಾಡಿಟ್ಟಿದ್ದ ಆ ಮಿದುಳಿನ ಎಂ. ಆರ್. ಐ. ಚಿತ್ರಗಳನ್ನು ವಿಜ್ಞಾನಿಗಳು ಪ್ರಕಟಿಸಿದ್ದರು. ಗಾಯವು ಬ್ರೋಕಾ ಕಂಡ ಮೇಲುಭಾಗದಲ್ಲಿ ನಿಲ್ಲದೆ ಒಳಗಿನ ನರತಂತುಗಳ ಕಟ್ಟುಗಳನ್ನೂ ಆಳವಾಗಿ ಕೆಡಿಸಿದ್ದುದು ಅದರಿಂದ ತಿಳಿದುಬಂದಿತು. ಬ್ರೋಕಾ ಮಿದುಳನ್ನು ಕತ್ತರಿಸದೆ ಇಟ್ಟದ್ದೇ ಮುಂದಿನವರು ಅವನ ತೀರ್ಮಾನವನ್ನು ತಿದ್ದಲು ಸಾಧನವಾಯಿತು. ವಿಜ್ಞಾನದಲ್ಲಿ ಇದಕ್ಕಿಂತ ದೊಡ್ಡ ಪ್ರಾಮಾಣಿಕತೆ ಅಪರೂಪ.

ಆದರೆ ಎಲ್ಲರೂ ರೋಗಿಯ ಮರಣವನ್ನು ಕಾದುಕೊಂಡಿರಲಿಲ್ಲ. ೧೮೭೦ರಲ್ಲಿ ಬರ್ಲಿನ್ನಿನ ಫ್ರಿಚ್ ಮತ್ತು ಹಿಟ್ಸಿಗ್ ಎಂಬವರು ನಾಯಿಯ ಮಿದುಳಿಗೆ ವಿದ್ಯುತ್ತನ್ನು ಹಾಯಿಸಿ, ಇಂಥ ಎಡೆಯನ್ನು ಮುಟ್ಟಿದರೆ ಇಂಥ ಕಾಲು ಆಡುತ್ತದೆಂದು ತೋರಿಸಿದರು. ನಾಲ್ಕು ವರ್ಷಗಳ ತರುವಾಯ, ೧೮೭೪ರಲ್ಲಿ, ಅಮೆರಿಕದ ಸಿನ್ಸಿನಾಟಿಯಲ್ಲಿ ರಾಬರ್ಟ್ಸ್ ಬಾರ್ಥಲೋ ಎಂಬ ವೈದ್ಯನು ಇದೇ ಪ್ರಯೋಗವನ್ನು ಮೇರಿ ರಾಫರ್ಟಿ ಎಂಬ ಮನೆಗೆಲಸದ ಹೆಂಗಸಿನ ಮೇಲೆ ನಡೆಸಿದನು. ಆಕೆಯ ನೆತ್ತಿಯ ಹುಣ್ಣು ಬುರುಡೆಯನ್ನು ತಿಂದು ಮಿದುಳು ಹೊರಗೆ ಕಾಣುತ್ತಿತ್ತು. ಬಾರ್ಥಲೋ ಸೂಜಿಗಳನ್ನು ಒಳತೂರಿಸಿ ವಿದ್ಯುತ್ತನ್ನು ಹೆಚ್ಚಿಸುತ್ತ ಹೋದಾಗ ಆಕೆಗೆ ತೀವ್ರವಾದ ಸೆಳವು ಬಂದಿತು. ಕೆಲವೇ ದಿನಗಳಲ್ಲಿ ಆಕೆ ತೀರಿಕೊಂಡಳು. ಪ್ರಯೋಗಕ್ಕೆ ಉಗ್ರವಾದ ಖಂಡನೆ ಬಂದರೂ ಅದರ ಫಲಿತಾಂಶ ಮಾತ್ರ ಮನುಷ್ಯನ ಮಿದುಳೂ ವಿದ್ಯುತ್ತಿಗೆ ಓಗೊಡುತ್ತದೆಂಬುದಕ್ಕೆ ಮೊದಲ ಸಾಕ್ಷ್ಯವೆಂದು ಗ್ರಂಥಗಳಲ್ಲಿ ನೆಲೆಗೊಂಡಿತು. ಮೂಕನಾದ ಅಚ್ಚುಗಾರ, ಸಾಯುತ್ತಿದ್ದ ಮನೆಗೆಲಸದವಳು — ಮೊದಲ ಆಧಾರರೇಖೆಗಳು ಎಳೆಯಲ್ಪಟ್ಟದ್ದು ಇಂಥವರ ಮೇಲೆ, ಬೇಡವೆನ್ನುವ ಶಕ್ತಿ ಯಾರಿಗೆ ಅತ್ಯಲ್ಪವಾಗಿತ್ತೋ ಅವರ ಮೇಲೆ.

೩

ಇದಕ್ಕೆ ಪ್ರತಿಯಾಗಿ ನಿಲ್ಲುವ ಉದಾಹರಣೆಯೊಂದು ಚರ್ಮದ ನಕ್ಷೆಯ ಚರಿತ್ರೆಯಲ್ಲಿದೆ. ಲಂಡನ್ನಿನ ನರವೈದ್ಯ ಹೆನ್ರಿ ಹೆಡ್ ಎಂಬವನು ಒಳಗಿನ ಅಂಗಗಳ ನೋವು ಚರ್ಮದ ಯಾವ ಯಾವ ವಲಯಗಳಲ್ಲಿ ಕಾಣಿಸಿಕೊಳ್ಳುತ್ತದೆಂಬುದನ್ನು ೧೮೯೦ರ ದಶಕದಲ್ಲಿ ಗುರುತಿಸಿದ್ದನು. ಸ್ಪರ್ಶಜ್ಞಾನ ಅಳಿದು ಮರಳುವ ಬಗೆಯನ್ನು ರೋಗಿಗಳ ಮಾತಿನಿಂದ ಖಚಿತವಾಗಿ ತಿಳಿಯಲಾಗದೆ, ೧೯೦೩ರ ಏಪ್ರಿಲ್‌ನಲ್ಲಿ ಆತನು ತನ್ನ ಎಡಗೈಯ ನರವೊಂದನ್ನು ಕತ್ತರಿಸಿ ಮತ್ತೆ ಹೊಲಿಯಿಸಿಕೊಂಡನು. ಮುಂದೆ ನಾಲ್ಕು ವರ್ಷಕ್ಕೂ ಮೇಲ್ಪಟ್ಟು ಕೇಂಬ್ರಿಜ್ಜಿನಲ್ಲಿ ಡಬ್ಲ್ಯು. ಎಚ್. ಆರ್. ರಿವರ್ಸ್ ಅವನ ಕೈಯ ಚರ್ಮವನ್ನು ದಾರ, ಸೂಜಿ, ಬಿಸಿ, ತಣ್ಪುಗಳಿಂದ ಪರೀಕ್ಷಿಸುತ್ತ ಬಂದನು. ವರದಿ ೧೯೦೮ರಲ್ಲಿ ಪ್ರಕಟವಾಯಿತು. ಅವರು ಮಂಡಿಸಿದ ಸಿದ್ಧಾಂತವನ್ನು ಮುಂದಿನವರು ಬಹುಮಟ್ಟಿಗೆ ಒಪ್ಪಲಿಲ್ಲ. ಆದರೆ ನಕ್ಷೆಗಾರನು ತನ್ನ ದೇಹವನ್ನೇ ನೆಲವನ್ನಾಗಿ ಒಪ್ಪಿಸಿದ ಘಟನೆಯಾಗಿ ಇದು ಉಳಿದಿದೆ.

ಇದೇ ರಿವರ್ಸ್ ಈ ಪ್ರಯೋಗಕ್ಕೆ ತುಸು ಮುಂಚೆ, ೧೯೦೧–೦೨ರಲ್ಲಿ, ನೀಲಗಿರಿಗೆ ಬಂದು ತೋಡರ ನಡುವೆ ತಂಗಿ ಅವರ ದೃಷ್ಟಿ, ಸ್ಪರ್ಶ ಮೊದಲಾದ ಇಂದ್ರಿಯಶಕ್ತಿಗಳನ್ನು ಅಳೆದು ೧೯೦೫ರಲ್ಲಿ ಪ್ರಕಟಿಸಿದನೆಂಬುದು ಗಮನಾರ್ಹ. ಒಂದು ಕಡೆ ತನ್ನ ಗೆಳೆಯನೊಬ್ಬನ ಕೈ, ಇನ್ನೊಂದು ಕಡೆ ದೂರದ ಗುಡ್ಡಗಾಡಿನ ಜನ. ಮೊದಲನೆಯದರಿಂದ ಬಂದದ್ದು ‘ಮನುಷ್ಯನ ನರಗಳ’ ಜ್ಞಾನವೆಂದು ಹೆಸರಾಯಿತು. ಎರಡನೆಯದರಿಂದ ಬಂದದ್ದು ‘ತೋಡರ ಇಂದ್ರಿಯಗಳ’ ಜ್ಞಾನವೆಂದು ಹೆಸರಾಯಿತು. ಒಬ್ಬ ಆಂಗ್ಲನ ಮುಂಗೈ ಇಡೀ ಮನುಷ್ಯಕುಲಕ್ಕೆ ಪ್ರತಿನಿಧಿಯಾಗಬಲ್ಲುದಾಗಿತ್ತು. ತೋಡರ ಬೆರಳುಗಳು ತೋಡರಿಗೆ ಮಾತ್ರ. ಇದು ರಿವರ್ಸನೊಬ್ಬನ ದೋಷವಲ್ಲ, ಕಾಲದ ರೂಢಿ. ಆದರೆ ಈ ರೂಢಿಯು ಆ ಕಾಲದೊಡನೆ ಮುಗಿಯಲಿಲ್ಲ.

ಚರ್ಮದ ನಕ್ಷೆಯೂ ಮಿದುಳಿನ ನಕ್ಷೆಯೂ ಒಂದಾದದ್ದು ಕೆನಡದ ಮಾಂಟ್ರಿಯಲ್ ನಗರದಲ್ಲಿ. ೧೯೩೪ರಲ್ಲಿ ತೆರೆದ ಅಲ್ಲಿಯ ನರವಿಜ್ಞಾನ ಸಂಸ್ಥೆಯಲ್ಲಿ ವೈಲ್ಡರ್ ಪೆನ್‌ಫೀಲ್ಡ್ ಅಪಸ್ಮಾರದ ರೋಗಿಗಳಿಗೆ ಶಸ್ತ್ರಚಿಕಿತ್ಸೆ ಮಾಡುತ್ತಿದ್ದನು. ಮಿದುಳಿಗೆ ತನ್ನದೇ ನೋವಿಲ್ಲವಾದ್ದರಿಂದ ನೆತ್ತಿಯನ್ನು ಮಾತ್ರ ಜೋಮುಹಿಡಿಸಿ, ಎಚ್ಚರದಲ್ಲಿರುವ ರೋಗಿಯ ಮಿದುಳನ್ನು ಮೆಲ್ಲನೆ ವಿದ್ಯುತ್ತಿನಿಂದ ಮುಟ್ಟಿ, ಎಲ್ಲಿ ಏನೆನಿಸುತ್ತದೆಂದು ಕೇಳಿ ಗುರುತುಹಾಕಿಕೊಳ್ಳುವುದು ಆತನ ಪದ್ಧತಿ. ಇಲ್ಲಿ ನಕ್ಷೆಯು ರೋಗಿಯ ಹಿತಕ್ಕಾಗಿಯೇ ಹುಟ್ಟಿತು. ಕತ್ತರಿಸಬಾರದ ಎಡೆಯನ್ನು ತಿಳಿಯುವುದೇ ಉದ್ದೇಶ. ೧೯೩೭ರಲ್ಲಿ ಬೋಲ್‌ಡ್ರಿಯೊಡನೆ ಪ್ರಕಟಿಸಿದ ಲೇಖನದಲ್ಲಿ ಈ ಗುರುತುಗಳನ್ನೆಲ್ಲ ಕೂಡಿಸಿ ಒಂದು ಕುಬ್ಜಮಾನವನ ಚಿತ್ರವನ್ನು ಕೊಡಲಾಯಿತು: ತುಟಿ, ನಾಲಗೆ, ಹೆಬ್ಬೆರಳು ಬೃಹತ್ತು; ಬೆನ್ನು, ತೊಡೆ ಕಿರಿದು. ಚಿತ್ರ ಬರೆದವಳು ಹಾರ್ಟೆನ್ಸ್ ಕ್ಯಾಂಟ್ಲಿ.

ಅಂದಿನಿಂದ ಇಂದಿನವರೆಗೆ ಆ ಕುಬ್ಜನಿಲ್ಲದ ಪಠ್ಯಪುಸ್ತಕವಿಲ್ಲ. ಆದರೆ ಅವನು ಪುರುಷ. ಸ್ತ್ರೀದೇಹಕ್ಕೆ ವಿಶಿಷ್ಟವಾದ ಭಾಗಗಳ ನೆಲೆಯನ್ನು ಕುರಿತು ಬಹುಕಾಲ ಯಾರೂ ವ್ಯವಸ್ಥಿತವಾಗಿ ಕೇಳಲೇ ಇಲ್ಲವೆಂಬುದನ್ನು ೨೦೧೩ರಲ್ಲಿ ಸಮೀಕ್ಷಾಲೇಖನವೊಂದು ಎತ್ತಿತೋರಿಸಿತು. ೨೦೨೩ರಲ್ಲಿ ಅಮೆರಿಕದ ಸೇಂಟ್ ಲೂಯಿಯ ವಿಜ್ಞಾನಿಗಳು ಚಲನೆಯ ಕುಬ್ಜನನ್ನೂ ತಿದ್ದಿದರು. ಕಾಲು, ಕೈ, ಬಾಯಿಗಳ ನೆಲೆಗಳು ಒಂದಕ್ಕೊಂದು ಹೊಂದಿ ಸಾಲಾಗಿಲ್ಲ. ಅವುಗಳ ನಡುವೆ, ಇಡೀ ದೇಹದ ಚಲನೆಯನ್ನೂ ಉದ್ದೇಶವನ್ನೂ ಜೋಡಿಸುವ ಬೇರೆ ನೆಲೆಗಳು ಬೆಸೆದುಕೊಂಡಿವೆ ಎಂದು ಅವರು ತೋರಿಸಿದರು. ಎಂಬತ್ತಾರು ವರ್ಷ ಪ್ರಶ್ನಾತೀತವಾಗಿದ್ದ ಚಿತ್ರವೂ ತಿದ್ದುಪಡಿಗೆ ಹೊರತಾಗಲಿಲ್ಲ.

೪

ಇನ್ನು ಚರ್ಮದ ಮುಪ್ಪಿನ ಕಡೆಗೆ ತಿರುಗೋಣ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹ್ಯಾಂಬರ್ಗಿನ ಚರ್ಮವೈದ್ಯ ಪೌಲ್ ಗೆರ್ಸನ್ ಉನ್ನ ನಾವಿಕರ ಮುಖದ ಚರ್ಮವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಬಿಸಿಲಿನ ಮುಪ್ಪು ಬೇರೆ, ವಯಸ್ಸಿನ ಮುಪ್ಪು ಬೇರೆ ಎಂಬ ವಿವೇಚನೆಗೆ ದಾರಿಮಾಡಿದನು. ಮುಪ್ಪು ಜೀವಕೋಶದ ಒಳಗಿನದೋ ಹೊರಗಿನದೋ ಎಂಬ ಪ್ರಶ್ನೆಗೆ ಅಲೆಕ್ಸಿಸ್ ಕ್ಯಾರೆಲ್ ಕೊಟ್ಟ ಉತ್ತರ ಅರ್ಧಶತಮಾನ ದಾರಿತಪ್ಪಿಸಿತು. ೧೯೧೨ರಲ್ಲಿ ಆತನು ಆರಂಭಿಸಿದ ಕೋಳಿಯ ಭ್ರೂಣದ ಅಂಗಾಂಶಕೃಷಿ ೧೯೪೬ರವರೆಗೆ ಬೆಳೆಯುತ್ತಲೇ ಇತ್ತೆಂದು ಹೇಳಲಾಯಿತು. ಜೀವಕೋಶ ಅಮರವೆಂಬುದು ಪಾಠವಾಯಿತು. ೧೯೬೧ರಲ್ಲಿ ಲೆನರ್ಡ್ ಹೇಫ್ಲಿಕ್ ಮತ್ತು ಪಾಲ್ ಮೂರ್‌ಹೆಡ್ ಮನುಷ್ಯನ ಸಹಜ ಜೀವಕೋಶಗಳು ಸುಮಾರು ಐವತ್ತು ಬಾರಿ ಇಮ್ಮಡಿಸಿದ ಮೇಲೆ ವಿಭಜನೆಯನ್ನು ನಿಲ್ಲಿಸುತ್ತವೆಂದು ತೋರಿಸಿದಾಗ ಆ ಪಾಠ ಮಗುಚಿಬಿತ್ತು. ಹೀಗೆ ನಿಂತುಹೋದ ಕೋಶಗಳನ್ನು ನೀಲಿಬಣ್ಣದಿಂದ ಗುರುತಿಸುವ ಉಪಾಯ ೧೯೯೫ರಲ್ಲಿ ದೊರೆತು, ಮುದುಕರ ಚರ್ಮದಲ್ಲಿ ಅವು ಶೇಖರವಾಗುತ್ತವೆಂಬುದನ್ನು ಕಣ್ಣಾರೆ ಕಾಣಲು ಸಾಧ್ಯವಾಯಿತು.

ಚಿಕಿತ್ಸೆಯ ಕಥೆ ಇದಕ್ಕಿಂತ ಕತ್ತಲೆಯದು. ಬಿಸಿಲಿನಿಂದ ಸುಕ್ಕಿದ ಚರ್ಮಕ್ಕೆ ಇಂದಿಗೂ ಹೆಚ್ಚು ಸಾಕ್ಷ್ಯಾಧಾರವಿರುವ ಲೇಪನಗಳಲ್ಲಿ ಟ್ರೆಟಿನಾಯಿನ್ ಮುಖ್ಯವಾದುದು. ಅದನ್ನು ಬಳಕೆಗೆ ತಂದವನು ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದ ಆಲ್ಬರ್ಟ್ ಕ್ಲಿಗ್‌ಮನ್. ಆತನು ೧೯೫೧ರಿಂದ ೧೯೭೪ರವರೆಗೆ ಫಿಲಡೆಲ್ಫಿಯದ ಹೋಮ್ಸ್‌ಬರ್ಗ್ ಸೆರೆಮನೆಯಲ್ಲಿ ಕೈದಿಗಳ ಚರ್ಮದ ಮೇಲೆ ಪ್ರಯೋಗಗಳನ್ನು ನಡೆಸಿದನು. ಕೈದಿಗಳಲ್ಲಿ ಬಹುಮಂದಿ ಬಡವರು, ಕರಿಯರು; ಅನೇಕರು ಇನ್ನೂ ವಿಚಾರಣೆಗೆ ಕಾದಿದ್ದವರು. ಕೊಡುತ್ತಿದ್ದ ಅಲ್ಪ ಹಣವೇ ಅವರ ಒಪ್ಪಿಗೆಯ ಬೆಲೆ. ಲೇಪನಗಳಲ್ಲದೆ ಡಯಾಕ್ಸಿನ್ನಿನಂಥ ವಿಷವಸ್ತುಗಳನ್ನೂ ಅವರ ಚರ್ಮಕ್ಕೆ ಹಚ್ಚಲಾಯಿತು. ಟ್ರೆಟಿನಾಯಿನ್ ಮೊಡವೆಗೆ ಔಷಧವಾಗಿ ೧೯೭೧ರಲ್ಲಿ ಮಾರುಕಟ್ಟೆಗೆ ಬಂದಿತು; ೧೯೮೬ರಲ್ಲಿ ಕ್ಲಿಗ್‌ಮನ್ ಬಿಸಿಲಿನ ಮುಪ್ಪಿಗೂ ಅದು ಉಪಯುಕ್ತವೆಂದು ಪ್ರಕಟಿಸಿದನು; ೧೯೮೮ರಲ್ಲಿ ಮಿಶಿಗನ್ನಿನ ವೈದ್ಯರು ಮೂವತ್ತು ಮಂದಿಯ ಮೇಲೆ ಹದಿನಾರು ವಾರ ನಡೆಸಿದ ನಿಯಂತ್ರಿತ ಪರೀಕ್ಷೆ ಅದನ್ನು ಸಮರ್ಥಿಸಿತು. ವಿಶ್ವವಿದ್ಯಾನಿಲಯವು ೨೦೨೧ರಲ್ಲಿ, ಫಿಲಡೆಲ್ಫಿಯ ನಗರವು ೨೦೨೨ರಲ್ಲಿ ಸೆರೆಮನೆಯ ಪ್ರಯೋಗಗಳಿಗಾಗಿ ಕ್ಷಮೆ ಕೇಳಿದವು. ಪ್ರಯೋಗಗಳು ನಿಂತು ಆ ವೇಳೆಗೆ ನಾಲ್ಕೂವರೆ ದಶಕಗಳು ಮೀರಿದ್ದವು.

ಇಲ್ಲೊಂದು ವಿಪರ್ಯಾಸವಿದೆ. ಔಷಧಗಳನ್ನು ಪರೀಕ್ಷಿಸುವ ಕಷ್ಟಕ್ಕೆ ಕರಿಯ ಚರ್ಮ ಒದಗಿತು. ಮುಪ್ಪಿನ ಮಾನದಂಡವನ್ನು ಗೊತ್ತುಮಾಡುವಾಗ ಅದು ಒದಗಲಿಲ್ಲ. ಬಿಸಿಲಿನ ಅತಿನೇರಳೆ ಕಿರಣಗಳು ಚರ್ಮದಲ್ಲಿ ಕೊಲ್ಲಾಜನ್ನನ್ನು ಕಡಿಯುವ ಕಿಣ್ವಗಳನ್ನು ಎಬ್ಬಿಸುತ್ತವೆಂಬ ಮಹತ್ವದ ಶೋಧನೆ ಮಿಶಿಗನ್ನಿನ ಗ್ಯಾರಿ ಫಿಶರ್ ಮತ್ತು ಸಂಗಡಿಗರದು. ಅವರ ೧೯೯೭ರ ಅಧ್ಯಯನದಲ್ಲಿ ಪಾಲುಗೊಂಡವರು ೫೯ ಮಂದಿ. ಎಲ್ಲರೂ ಬಿಳಿಯರು, ಚರ್ಮದ ಬಣ್ಣ ತಿಳಿಯಿಂದ ಮಧ್ಯಮದವರೆಗೆ. ಚರ್ಮವನ್ನು ಬಿಸಿಲಿಗೆ ಓಗೊಡುವ ಬಗೆಯಿಂದ ವರ್ಗೀಕರಿಸುವ, ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿರುವ ಪಟ್ಟಿಯನ್ನು ಥಾಮಸ್ ಫಿಟ್ಸ್‌ಪ್ಯಾಟ್ರಿಕ್ ೧೯೭೫ರಲ್ಲಿ ರೂಪಿಸಿದಾಗ ಅದರಲ್ಲಿ ನಾಲ್ಕು ವರ್ಗಗಳಿದ್ದವು, ನಾಲ್ಕೂ ಬಿಳಿಯ ಚರ್ಮಕ್ಕೆ. ಕಂದು ಮತ್ತು ಕಪ್ಪು ಚರ್ಮಗಳು ಐದನೆಯ, ಆರನೆಯ ವರ್ಗಗಳಾಗಿ ತರುವಾಯ ಸೇರಿದವು. ಬಿಳಿಯ ಚರ್ಮಕ್ಕೆ ನಾಲ್ಕು ಮೆಟ್ಟಿಲು, ಮನುಷ್ಯಕುಲದ ಬಹುಭಾಗಕ್ಕೆ ಎರಡು. ಇದರ ಪರಿಣಾಮ ಕೇವಲ ಹೆಸರಿನದಲ್ಲ. ನಮ್ಮಂಥವರ ಚರ್ಮದಲ್ಲಿ ಬಿಸಿಲಿನ ಮುಪ್ಪು ಸುಕ್ಕಿಗಿಂತ ಮೊದಲು ಕಪ್ಪುಕಲೆಗಳಾಗಿ, ಅಸಮವಾದ ಬಣ್ಣವಾಗಿ ತೋರುವುದೇ ಸಾಮಾನ್ಯ. ಸುಕ್ಕನ್ನೇ ಮುಪ್ಪಿನ ಅಳತೆಗೋಲಾಗಿ ಹಿಡಿದವನಿಗೆ ಈ ಚರ್ಮದ ಹಾನಿ ಕಾಣುವುದು ತಡವಾಗಿ.

೫

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಯಂತ್ರಗಳು ಬಂದವು. ೧೯೭೧ರ ಅಕ್ಟೋಬರ್‌ನಲ್ಲಿ ಗಾಡ್‌ಫ್ರಿ ಹೌನ್ಸ್‌ಫೀಲ್ಡನ ಸಿ. ಟಿ. ಯಂತ್ರವು ಲಂಡನ್ನಿನಲ್ಲಿ ಜೀವಂತ ರೋಗಿಯ ಮಿದುಳನ್ನು ಬುರುಡೆ ತೆರೆಯದೆ ತೋರಿಸಿತು. ೧೯೭೩ರಲ್ಲಿ ಪಾಲ್ ಲಾಟರ್ಬರ್ ಕಾಂತಕ್ಷೇತ್ರದಿಂದ ಚಿತ್ರ ತೆಗೆಯುವ ತತ್ತ್ವವನ್ನು ಪ್ರಕಟಿಸಿದನು. ೧೯೯೦ರಲ್ಲಿ ಸೈಜಿ ಒಗಾವ ರಕ್ತದಲ್ಲಿನ ಆಮ್ಲಜನಕದ ಏರಿಳಿತದಿಂದಲೇ ಮಿದುಳಿನ ಚಟುವಟಿಕೆಯನ್ನು ಗುರುತಿಸಬಹುದೆಂದು ತೋರಿಸಿದನು. ರೋಗಿಯ ಮರಣಕ್ಕಾಗಲಿ ಗಾಯಕ್ಕಾಗಲಿ ಕಾಯಬೇಕಾಗಿಲ್ಲ ಎಂಬುದು ದೊಡ್ಡ ವಿಮೋಚನೆ. ಆದರೆ ಹೊಸದೊಂದು ಅವಶ್ಯಕತೆ ಹುಟ್ಟಿತು. ಒಬ್ಬನ ಮಿದುಳಿನ ಆಕಾರ ಇನ್ನೊಬ್ಬನದಕ್ಕೆ ಹೊಂದುವುದಿಲ್ಲ. ಹಲವರ ಚಿತ್ರಗಳನ್ನು ಒಂದರ ಮೇಲೊಂದಿಟ್ಟು ಹೋಲಿಸಬೇಕಾದರೆ ಎಲ್ಲವನ್ನೂ ಒಂದು ಮಾದರಿ ಮಿದುಳಿನ ಆಕಾರಕ್ಕೆ ಹಿಗ್ಗಿಸಿ ಕುಗ್ಗಿಸಿ ಕೂರಿಸಬೇಕು. ಆ ಮಾದರಿ ಯಾರದು?

ಮೊದಲು ಬಳಕೆಗೆ ಬಂದದ್ದು ಫ್ರಾನ್ಸಿನ ತಾಲೈರಾಕ್ ಮತ್ತು ತುರ್ನೂ ೧೯೮೮ರಲ್ಲಿ ಪ್ರಕಟಿಸಿದ ನಕ್ಷೆ. ಅದು ಅರುವತ್ತು ವರ್ಷದ ಒಬ್ಬ ಸ್ತ್ರೀಯ ಮೃತದೇಹದ ಮಿದುಳು. ಇದನ್ನು ತಿದ್ದಲು ಮಾಂಟ್ರಿಯಲ್‌ನ ಅದೇ ನರವಿಜ್ಞಾನ ಸಂಸ್ಥೆಯಲ್ಲಿ ೩೦೫ ಮಂದಿಯ ಚಿತ್ರಗಳ ಸರಾಸರಿಯನ್ನು ಸಿದ್ಧಪಡಿಸಲಾಯಿತು. ಆ ಮುನ್ನೂರೈದು ಮಂದಿಯಲ್ಲಿ ೨೩೯ ಪುರುಷರು, ೬೬ ಸ್ತ್ರೀಯರು; ಎಲ್ಲರೂ ಬಲಗೈಯವರು; ಸರಾಸರಿ ವಯಸ್ಸು ಇಪ್ಪತ್ತಮೂರು ವರ್ಷ ಚಿಲ್ಲರೆ. ಅದೂ ಅದರ ಉತ್ತರಾಧಿಕಾರಿ ಮಾದರಿಗಳೂ ಪ್ರಪಂಚದ ಪ್ರಯೋಗಶಾಲೆಗಳಲ್ಲೆಲ್ಲ ನೆಲೆಯೂರಿದವು. ೨೦೧೬ರಲ್ಲಿ ಮಿದುಳಿನ ಹೊರಪದರವನ್ನು ಒಂದೊಂದು ಅರ್ಧಗೋಳದಲ್ಲಿ ೧೮೦ ವಲಯಗಳಾಗಿ ವಿಂಗಡಿಸಿ, ಬ್ರಾಡ್‌ಮನ್ನನ ೧೯೦೯ರ ನಕ್ಷೆಯನ್ನು ಬಹುದೂರ ಮೀರಿಸಿದ ಶ್ರೇಷ್ಠವಾದ ಕಾರ್ಯವೂ ೨೧೦ ಮಂದಿ ಆರೋಗ್ಯವಂತ ತರುಣರ ಮೇಲೆ ನಿಂತದ್ದೇ.

ಸಂಖ್ಯೆಯ ಪ್ರಶ್ನೆಯೂ ಸಣ್ಣದಲ್ಲ. ಸುಮಾರು ಐವತ್ತು ಸಾವಿರ ಮಂದಿಯ ಚಿತ್ರಗಳನ್ನು ಆಧರಿಸಿ ೨೦೨೨ರಲ್ಲಿ ಪ್ರಕಟವಾದ ಪರಿಶೀಲನೆಯೊಂದು, ಮಿದುಳಿನ ಅಳತೆಗೂ ವ್ಯಕ್ತಿಯ ನಡತೆಗೂ ಇರುವ ಸಂಬಂಧವನ್ನು ನಂಬುವಂತೆ ಹೇಳಬೇಕಾದರೆ ಸಾವಿರಾರು ಮಂದಿ ಬೇಕೆಂದು ತೋರಿಸಿತು. ಅದುವರೆಗಿನ ಅಧ್ಯಯನಗಳ ಸಾಮಾನ್ಯ ಪ್ರಮಾಣ ಇಪ್ಪತ್ತೈದರ ಆಸುಪಾಸು. ಗಾಲನ ಬುರುಡೆಯ ಉಬ್ಬುಗಳನ್ನು ನಕ್ಕು ಬದಿಗಿಟ್ಟ ಶತಮಾನವು, ತನ್ನ ಬಣ್ಣದ ಚಿತ್ರಗಳಲ್ಲಿ ಅಂಥದೇ ಅವಸರದ ತೀರ್ಮಾನಗಳಿಗೆ ಎಡೆಕೊಟ್ಟಿತೆಂದು ಒಪ್ಪಿಕೊಳ್ಳಬೇಕಾಗಿದೆ.

೬

ಇದಕ್ಕೆ ಒಂದು ಪ್ರಬಲವಾದ ಆಕ್ಷೇಪವುಂಟು. ನರಕೋಶ ನರಕೋಶವೇ, ಕಪ್ಪೋ ಬಿಳುಪೋ, ಮೈಸೂರಿನದೋ ಮಾಂಟ್ರಿಯಲಿನದೋ ಎಂಬ ಭೇದ ಅದಕ್ಕಿಲ್ಲ. ಒಂದು ಅಸ್ಥಿಪಂಜರದಿಂದ ಎಲ್ಲರಿಗೂ ಅಸ್ಥಿಶಾಸ್ತ್ರವನ್ನು ಕಲಿಸುವುದಿಲ್ಲವೆ? ಈ ಆಕ್ಷೇಪ ರಚನೆಯ ನಕ್ಷೆಗಳ ಮಟ್ಟಿಗೆ ಬಹುಪಾಲು ಸಾಧುವಾದುದು. ಗೋಲ್ಗಿಯ ಕಪ್ಪುಬಣ್ಣದಿಂದ ಕೆಲವು ಬಿಡಿಬಿಡಿಯಾದ ಕೋಶಗಳನ್ನು ಕಂಡೇ ರಮೋನ್ ಇ ಕಹಾಲ್ ನರಮಂಡಲದ ಮೂಲತತ್ತ್ವವನ್ನು ಗ್ರಹಿಸಿದನು; ೧೯೦೬ರ ನೊಬೆಲ್ ಬಹುಮಾನ ಇಬ್ಬರಿಗೂ ಸಂದಿತು. ೧೯೮೬ರಲ್ಲಿ ದುಂಡುಹುಳುವಿನ ೩೦೨ ನರಕೋಶಗಳ ಜೋಡಣೆಯನ್ನೆಲ್ಲ ಗುರುತಿಸಲಾಯಿತು. ೨೦೨೪ರಲ್ಲಿ ಹಣ್ಣುನೊಣದ ಪ್ರೌಢ ಮಿದುಳಿನ ಸುಮಾರು ೧,೩೯,೦೦೦ ನರಕೋಶಗಳ, ಐದು ಕೋಟಿಗೂ ಮಿಕ್ಕ ಸಂಧಿಗಳ ನಕ್ಷೆ ಪೂರ್ಣವಾಯಿತು. ೨೦೨೫ರಲ್ಲಿ ಇಲಿಯ ಮಿದುಳಿನ ಒಂದು ಘನ ಮಿಲಿಮೀಟರಿನಲ್ಲಿ ಎರಡು ಲಕ್ಷ ಕೋಶಗಳನ್ನೂ ಐವತ್ತೆರಡು ಕೋಟಿ ಸಂಧಿಗಳನ್ನೂ ಎಣಿಸಲಾಯಿತು. ಇವುಗಳಿಗೆ ಕೆಲವೇ ದೇಹಗಳು ಆಧಾರವಾದರೂ ಜ್ಞಾನಕ್ಕೆ ಕುಂದಿಲ್ಲ.

ಆದರೆ ಮನುಷ್ಯನ ವಿಷಯ ಬಂದಾಗ ಎಚ್ಚರ ಬೇಕು. ೨೦೨೩ರಲ್ಲಿ ಮನುಷ್ಯಮಿದುಳಿನ ಮೂರು ಸಾವಿರಕ್ಕೂ ಹೆಚ್ಚು ಬಗೆಯ ಕೋಶಗಳನ್ನು ವಿಂಗಡಿಸಿದ ಮಹಾಕಾರ್ಯದಲ್ಲಿ ಪರೀಕ್ಷಿಸಿದ ಕೋಶಕೇಂದ್ರಗಳು ಮೂವತ್ತು ಲಕ್ಷಕ್ಕೂ ಹೆಚ್ಚು, ದಾನಿಗಳು ಮೂವರು. ೨೦೨೪ರಲ್ಲಿ ಹಾರ್ವರ್ಡಿನಿಂದ ಪ್ರಕಟವಾದ ಮನುಷ್ಯಮಿದುಳಿನ ಒಂದು ತುಣುಕಿನ ಅತಿಸೂಕ್ಷ್ಮ ನಕ್ಷೆ ಅಪಸ್ಮಾರಕ್ಕೆ ಚಿಕಿತ್ಸೆ ಪಡೆದ ನಲವತ್ತೈದು ವರ್ಷದ ಸ್ತ್ರೀಯೊಬ್ಬಳದು. ಅಲ್ಲಿ ಕಂಡ ವಿಚಿತ್ರ ರಚನೆಗಳಲ್ಲಿ ಯಾವುದು ಮನುಷ್ಯಸಾಮಾನ್ಯ, ಯಾವುದು ರೋಗದ್ದು, ಯಾವುದು ಆಕೆಯದು ಮಾತ್ರ ಎಂಬುದು ಎರಡನೆಯ, ನೂರನೆಯ ದೇಹವನ್ನು ನೋಡಿದಮೇಲೆಯೇ ತಿಳಿಯತಕ್ಕದ್ದು.

ಚರ್ಮದ ಕೋಶವು ಇದೀಗ ಇದೇ ಕವಲಿನಲ್ಲಿ ನಿಂತಿದೆ. ೨೦೦೭ರಲ್ಲಿ ಶಿನ್ಯ ಯಮನಾಕ ಮನುಷ್ಯನ ಚರ್ಮಕೋಶಗಳಿಗೆ ನಾಲ್ಕು ಜೀನುಗಳನ್ನು ಸೇರಿಸಿ ಅವನ್ನು ಭ್ರೂಣಾವಸ್ಥೆಗೆ ಹಿಂದಿರುಗಿಸಿದನು; ಆ ಕೋಶಗಳು ಮೂವತ್ತಾರು ವರ್ಷದ ಬಿಳಿಯ ಸ್ತ್ರೀಯೊಬ್ಬಳ ಮುಖದ ಚರ್ಮದಿಂದ ಬಂದವು. ೨೦೧೩ರಲ್ಲಿ ವಿಯೆನ್ನಾದಲ್ಲಿ, ಗಾಲನು ಉಪನ್ಯಾಸ ಕೊಟ್ಟ ಅದೇ ನಗರದಲ್ಲಿ, ಇಂಥ ಕೋಶಗಳಿಂದ ಕಾಳಿನಷ್ಟು ಗಾತ್ರದ ಮಿದುಳಂಗಾಂಶ ಬೆಳೆಯಿತು. ಅದೇ ವರ್ಷ ಸ್ಟೀವ್ ಹೊರ್ವಾತ್, ಡಿ. ಎನ್. ಎ. ಮೇಲಿನ ೩೫೩ ಗುರುತುಗಳನ್ನು ಓದಿ ಅಂಗಾಂಶದ ವಯಸ್ಸನ್ನು ಹೇಳುವ ಗಡಿಯಾರವನ್ನು ರಚಿಸಿದನು. ೨೦೨೨ರಲ್ಲಿ ಕೇಂಬ್ರಿಜ್ಜಿನ ಬಾಬ್ರಹಮ್ ಸಂಸ್ಥೆಯವರು ಯಮನಾಕನ ವಿಧಾನವನ್ನು ಹದಿಮೂರು ದಿನಗಳಿಗೆ ನಿಲ್ಲಿಸಿ, ಮಧ್ಯವಯಸ್ಕರ ಚರ್ಮಕೋಶಗಳು ಚರ್ಮಕೋಶಗಳಾಗಿಯೇ ಉಳಿದು, ಈ ಬಗೆಯ ಗಡಿಯಾರದಲ್ಲಿ ಸುಮಾರು ಮೂವತ್ತು ವರ್ಷ ಕಿರಿದಾದುದನ್ನು ತೋರಿಸಿದರು. ವಿಧಾನದ ಸಾಧ್ಯತೆಗೆ ಒಂದೆರಡು ದೇಹ ಸಾಕು. ಆದರೆ ಗಡಿಯಾರವು ಮಾನದಂಡ. ಯಾವ ಜನರ ದೇಹಗಳನ್ನು ನೋಡಿ ಅದನ್ನು ತಿರುಪಿದೆಯೋ ಆ ಜನರ ಕಾಲವನ್ನೇ ಅದು ಸರಿಯಾಗಿ ಹೇಳುವುದು.

೭

ಹೀಗಿರಲಾಗಿ, ಭಾರತದಲ್ಲಿ ಈಚೆಗೆ ನಡೆದಿರುವ ಕೆಲವು ಪ್ರಯತ್ನಗಳನ್ನು ದೇಶಾಭಿಮಾನದ ದೃಷ್ಟಿಯಿಂದಲ್ಲದೆ ಅಳತೆಯ ನ್ಯಾಯದ ದೃಷ್ಟಿಯಿಂದ ನೋಡುವುದು ಉಚಿತ. ಬೆಂಗಳೂರಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಲ್ಲಿ ೧೯೯೫ರಿಂದ ಮನುಷ್ಯಮಿದುಳಿನ ಸಂಗ್ರಹಾಲಯವೊಂದು ನಡೆದುಬಂದಿದೆ. ಕುಟುಂಬದವರ ಒಪ್ಪಿಗೆಯಿಂದ ಬಂದ ದಾನಗಳೇ ಅದಕ್ಕೆ ಆಧಾರ. ೨೦೧೯ರಲ್ಲಿ ಹೈದರಾಬಾದಿನ ವಿಜ್ಞಾನಿಗಳು ನೂರು ಮಂದಿ ಭಾರತೀಯ ತರುಣರ ಚಿತ್ರಗಳಿಂದ ಒಂದು ಮಾದರಿ ಮಿದುಳನ್ನು ರಚಿಸಿದರು. ೨೦೨೦ರಲ್ಲಿ ಬೆಂಗಳೂರಿನ ಸಂಸ್ಥೆಯವರು ಆರರಿಂದ ಅರುವತ್ತು ವರ್ಷದವರೆಗಿನ ಭಾರತೀಯರಿಗಾಗಿ ವಯಸ್ಸಿಗೊಂದರಂತೆ ಐದು ಮಾದರಿಗಳನ್ನು ಪ್ರಕಟಿಸಿದರು. ಭಾರತೀಯರ ಚಿತ್ರಗಳನ್ನು ಹೊರದೇಶದ ಮಾದರಿಗೆ ಕೂರಿಸುವುದಕ್ಕಿಂತ ಇವುಗಳಿಗೆ ಕೂರಿಸುವಾಗ ಹಿಗ್ಗಿಸಿ ಕುಗ್ಗಿಸುವ ಕೆಲಸ ಕಡಮೆಯಾಗುತ್ತದೆಂದು ಕಂಡುಬಂದಿತು. ೨೦೨೪ರಲ್ಲಿ ಮದರಾಸಿನ ಐ. ಐ. ಟಿ.ಯವರು ಗರ್ಭಸ್ಥ ಶಿಶುವಿನ ಮಿದುಳಿನ ಐದು ಸಾವಿರಕ್ಕೂ ಹೆಚ್ಚು ಛೇದಗಳ ‘ಧರಣಿ’ ಎಂಬ ನಕ್ಷೆಯನ್ನು ಎಲ್ಲರಿಗೂ ತೆರೆದಿಟ್ಟರು. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ, ನಲವತ್ತೈದು ದಾಟಿದ ಗ್ರಾಮಸ್ಥರ ಮಿದುಳು ಮುಪ್ಪಾಗುವ ಬಗೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನ ಕೇಂದ್ರವು ವರ್ಷವರ್ಷವೂ ಹಿಂಬಾಲಿಸಿ ಅಳೆಯುವ ಕಾರ್ಯವನ್ನು ಕೈಗೊಂಡಿದೆ.

ಕೊನೆಯ ಉದಾಹರಣೆಯಿಂದ ವಿಷಯದ ಗುರುತ್ವ ಸ್ಪಷ್ಟವಾಗುತ್ತದೆ. ಎಪ್ಪತ್ತು ವರ್ಷದ, ಓದುಬರಹ ಬಾರದ, ಜೀವಮಾನವೆಲ್ಲ ಹೊಲದ ಬಿಸಿಲಿನಲ್ಲಿ ದುಡಿದ ರೈತಳೊಬ್ಬಳಲ್ಲಿ ಮರೆವು ಕಾಣಿಸಿದೆಯೆಂದು ಇಟ್ಟುಕೊಳ್ಳೋಣ. ಆಕೆಯ ಮಿದುಳು ವಯಸ್ಸಿಗೆ ಮೀರಿ ಕುಗ್ಗಿದೆಯೆ ಇಲ್ಲವೆ ಎಂಬುದನ್ನು ವೈದ್ಯನು ಯಾವುದಕ್ಕೆ ಹೋಲಿಸಿ ಹೇಳಬೇಕು? ಇಪ್ಪತ್ತಮೂರು ವರ್ಷದ ಕೆನಡದ ತರುಣರಿಗೆ ಹೋಲಿಸಿದರೆ ಆರೋಗ್ಯವನ್ನು ರೋಗವೆಂದೋ, ರೋಗವನ್ನು ಆರೋಗ್ಯವೆಂದೋ ತಿಳಿಯುವ ಅಪಾಯವಿದೆ. ಮೊದಲನೆಯದು ಬೇಡದ ಭಯ, ಎರಡನೆಯದು ತಪ್ಪಿಹೋದ ಚಿಕಿತ್ಸೆ. ಆಕೆಯ ಚರ್ಮವನ್ನು ನೋಡುವ ವೈದ್ಯನಿಗೂ ಇದೇ ಮಾತು.

ಇಲ್ಲಿ ಎಚ್ಚರಿಕೆಯ ಒಂದು ಮಾತನ್ನು ಸೇರಿಸುವುದು ಅವಶ್ಯಕ. ಭಾರತೀಯ ಮಿದುಳು, ಭಾರತೀಯ ಚರ್ಮ ಎಂಬ ಪ್ರತ್ಯೇಕ ಜಾತಿಗಳಿವೆಯೆಂದು ಸಾಧಿಸುವುದು ಈ ಲೇಖನದ ಆಶಯವಲ್ಲ. ಹಾಗೆ ಹೊರಟರೆ ಎಡಿನ್‌ಬರೋ ನಗರಕ್ಕೆ ಹೋದ ಏಳು ಬುರುಡೆಗಳ ದಾರಿಯನ್ನೇ ನಾವಾಗಿ ಹಿಡಿದಂತಾಗುತ್ತದೆ. ಒಂದೇ ಮಾದರಿಯನ್ನು ಎಲ್ಲರ ಮೇಲೆ ಹೇರುವುದು ಎಷ್ಟು ತಪ್ಪೋ, ಅಳತೆಯ ವ್ಯತ್ಯಾಸದಿಂದ ಜನಾಂಗದ ಸ್ವಭಾವವನ್ನು ಓದುವುದೂ ಅಷ್ಟೇ ತಪ್ಪು. ನೂರು ಮಂದಿ ತರುಣರ ಮಾದರಿಯೂ ಭಾರತವಲ್ಲ. ಬೇಕಾದುದು ಬೇರೆಯೊಂದು ಆಧಾರರೇಖೆಯಲ್ಲ, ಹೆಚ್ಚು ಆಧಾರರೇಖೆಗಳು. ಅವು ಯಾರ ಮೇಲೆ, ಯಾರ ಒಪ್ಪಿಗೆಯಿಂದ ಎಳೆಯಲ್ಪಟ್ಟವೆಂಬ ಬರವಣಿಗೆಯೂ ನಕ್ಷೆಯ ಜೊತೆಗೇ ಇರಬೇಕು.

ಒಳ್ಳೆಯ ಭೂಪಟದ ಮೂಲೆಯಲ್ಲಿ ಅಳತೆಯ ಪ್ರಮಾಣವನ್ನೂ ಮೋಜಣಿಯಾದ ವರ್ಷವನ್ನೂ ನಮೂದಿಸುವುದು ರೂಢಿ. ದೇಹದ ನಕ್ಷೆಯ ಮೂಲೆಯಲ್ಲಿಯೂ ಇಂಥ ನಮೂದು ಇರಬೇಕೆಂದು ಕೇಳುವ ಹಕ್ಕು, ಅದನ್ನು ಬಳಸುವ ವಿದ್ಯಾರ್ಥಿಗೂ ಅದರಿಂದ ಅಳೆಯಲ್ಪಡುವ ರೋಗಿಗೂ ಉಂಟು. ಲೆಬೋರ್ನ್ಯನ ಪೂರ್ಣ ಹೆಸರು ತಿಳಿಯಲು ನೂರೈವತ್ತೆರಡು ವರ್ಷ ಬೇಕಾಯಿತು. ಮುಂದಿನ ನಕ್ಷೆಗಳಲ್ಲಿ ದಾನಿಗಳ ಹೆಸರನ್ನು ಗೋಪ್ಯವಾಗಿಡುವುದು ನ್ಯಾಯವೇ. ಆದರೆ ಅವರು ಎಷ್ಟು ಮಂದಿ, ಯಾವ ವಯಸ್ಸಿನವರು, ಯಾವ ಸೀಮೆಯವರು, ತಾವಾಗಿ ಒಪ್ಪಿ ಬಂದವರೆ ಎಂಬುದನ್ನು ಮುಚ್ಚಿಡುವುದು ನ್ಯಾಯವಲ್ಲ.